ಪುನರ್ವಸು ಮಳೆಯಲ್ಲಿ ಕಾಲುಚೀಲದ ಲೆಕ್ಕ

15 ಜುಲೈ 2024, ಸೋಮವಾರ
ಶಿವಮೊಗ್ಗ

ಪುನರ್ವಸು ಮಳೆ ಬಿಡುವು ಕೊಡುತ್ತಿಲ್ಲ. ತಂತಿಯ ಮೇಲಿನ ಕಾಲುಚೀಲ ಮೂರು ದಿನ ಕಳೆದರೂ ಹಸಿಹಸಿ. ಗಮ್‌ಬೂಟು ಹಾಕಿ ಅಡಿಕೆ ತೋಟಕ್ಕಿಳಿಯುವ ಮನೆಗಳಲ್ಲಿ ಈಗ ತಲೆಗೆ ನಾಲ್ಕೈದು ಜೊತೆಯಾದರೂ ಬೇಕು. ಹಾಗಾಗಿ ‘ಹೆಣೆಯುವ ಯಂತ್ರ ಒಂದು ಮನೆಗೇ ತಂದರೆ ಹೇಗೆ, ಅಗ್ಗದ್ದು ಯಾವುದು’ ಎಂಬ ಪ್ರಶ್ನೆ ಏಳುವುದೂ ಮಳೆಗಾಲದಲ್ಲೇ.

ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಹಿಡಿ ತಿರುಗಿಸುವ ದುಂಡನೆಯ ಪ್ಲಾಸ್ಟಿಕ್ ಯಂತ್ರ. ಸೆಂಟ್ರೊ ಹೆಸರಿನದು 22, 40, 48 ಸೂಜಿಗಳಲ್ಲಿ ಸಿಗುತ್ತದೆ. ಜರ್ಮನಿಯ ಆಡಿ (addi) ಎಂಬ ಹೆಣಿಗೆ ಸಲಕರಣೆ ಕಂಪನಿಯದು 22 ಮತ್ತು 46. ಸೆಂಟ್ರೊ ಬೆಲೆ ಕೆಲವೇ ಸಾವಿರ. 48 ಸೂಜಿಯದು ದೊಡ್ಡದು, ಆದ್ದರಿಂದ ಒಳ್ಳೆಯದು ಎಂದು ಅದನ್ನೇ ಆರಿಸುತ್ತಾರೆ. ಅದು ಟೋಪಿಯ ಅಳತೆ. ದಪ್ಪ ಉಲ್ಲನ್ ಹಾಕಿದರೆ ಹೆಣೆದು ಬರುವ ಕೊಳವೆಯ ಸುತ್ತಳತೆ ಪಾದಕ್ಕಿಂತ ಎಷ್ಟೋ ಹೆಚ್ಚಾಗಿ, ಚೀಲ ಬೂಟಿನೊಳಗೆ ಮಡಿಚಿಕೊಂಡು ಗುಳ್ಳೆ ಎಬ್ಬಿಸುತ್ತದೆ. ಸಪೂರ ದಾರ ಹಾಕಿದರೆ ಸುತ್ತಳತೆ ಇಳಿಯುತ್ತದೆ ನಿಜ, ಆದರೆ ಸೂಜಿಗಳ ನಡುವಿನ ಅಂತರ ಬದಲಾಗದ ಕಾರಣ ಬಟ್ಟೆ ಸೊಳ್ಳೆಪರದೆಯಂತಾಗಿ ಬೇಗ ಸವೆಯುತ್ತದೆ. ಗಮ್‌ಬೂಟಿನ ದಪ್ಪ ಚೀಲಕ್ಕೆ 40 ಸೂಜಿಯದು ನಡೆದೀತು.

ಈ ಪ್ಲಾಸ್ಟಿಕ್ ಯಂತ್ರದ ನಿಜವಾದ ಕೊರತೆ ಹಿಮ್ಮಡಿ. ಅದು ಹೆಣೆಯುವುದು ನೇರ ಕೊಳವೆ. ಹಿಮ್ಮಡಿ ಬೇಕಿದ್ದರೆ ಕೊಳವೆ ಮುಗಿದ ಮೇಲೆ ಆ ಜಾಗದಲ್ಲಿ ಒಂದು ಕುಣಿಕೆ ಕತ್ತರಿಸಿ, ಅರ್ಧ ಸುತ್ತು ಬಿಚ್ಚಿ, ಮೇಲಿನ ಮತ್ತು ಕೆಳಗಿನ ಕುಣಿಕೆಗಳನ್ನು ಕೈಸೂಜಿಗೆ ಏರಿಸಿ ಕೈಯಲ್ಲೇ ಹೆಣೆಯಬೇಕು. ಯಂತ್ರ ಕೊಂಡೂ ಕೈಹೆಣಿಗೆ ತಪ್ಪಲಿಲ್ಲ. ಕುಣಿಕೆ ಬೀಳುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು: ಹಿಡಿಯನ್ನು ಜೋರಾಗಿ ತಿರುಗಿಸುವುದು, ಇಲ್ಲವೇ ಉಂಡೆಯಿಂದ ದಾರ ಜಗ್ಗಿ ಜಗ್ಗಿ ಬರುವುದು. ಹಿಡಿ ಕಿತ್ತು ಡ್ರಿಲ್ ಜೋಡಿಸುವ ವಿಡಿಯೊ ನೋಡಿ ಮರುಳಾಗಬೇಡಿ. ಪ್ಲಾಸ್ಟಿಕ್ ಹಲ್ಲುಗಳ ಆಯಸ್ಸು ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ತುದಿಯಲ್ಲಿರುವುದು ಕಾಲುಚೀಲಕ್ಕೆಂದೇ ಹುಟ್ಟಿದ ಲೋಹದ ದುಂಡು ಯಂತ್ರ. 54, 60, 64, 72 ಸೂಜಿಯ ಸಿಲಿಂಡರು, ಹಿಮ್ಮಡಿಯೂ ಅದರಲ್ಲೇ. ಹೊರದೇಶದಿಂದ ತರಿಸಿದರೆ ಲಕ್ಷ ದಾಟುತ್ತದೆ. ಮನೆಮಟ್ಟಿಗೆ ಅದರ ಮಾತು ಇಲ್ಲಿಗೆ ಸಾಕು.

ಉಳಿದದ್ದು ಮೇಜಿಗೆ ಬಿಗಿಯುವ ಉದ್ದನೆಯ ಚಪ್ಪಟೆ ಯಂತ್ರ. ಕಡಿಮೆ ದುಡ್ಡಿಗೆ ಸರಿಯಾದ ಕಾಲುಚೀಲ ಬೇಕೆಂದರೆ ನಮ್ಮ ಓಟು ಇದಕ್ಕೆ. ಸೂಜಿಯಿಂದ ಸೂಜಿಗೆ ಎಷ್ಟು ಅಂತರ ಎಂಬುದನ್ನು ಮೊದಲು ಕೇಳಿ. 4.5 ಮಿಲಿಮೀಟರಿನದಕ್ಕೆ 200 ಸೂಜಿ, ಸಪೂರ ಕಾಲುಚೀಲದ ದಾರ ಒಪ್ಪುತ್ತದೆ. ಸಿಲ್ವರ್ ರೀಡ್ ಎಲ್‌ಕೆ 150 ಎಂಬುದರಲ್ಲಿ 6.5 ಮಿಲಿಮೀಟರ್ ಅಂತರದ 150 ಸೂಜಿ, ಮಧ್ಯಮ ದಪ್ಪದ ದಾರಕ್ಕೆ ಸರಿ. ಎರಡೂ ಒಂದು ಮೀಟರಿನ ಆಸುಪಾಸು ಉದ್ದ. ಅಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಕರೆಂಟು ಬೇಡದ ಕೈಯಂತ್ರವೇ ಇರಲಿ. ಗಾಳಿಮಳೆಗೆ ಲೈನು ಹೋದ ದಿನ ಅದರ ಬೆಲೆ ಗೊತ್ತಾಗುತ್ತದೆ. ಲುಧಿಯಾನದ ಕೈಯಂತ್ರಗಳು ಗಟ್ಟಿಮುಟ್ಟು, ಆದರೆ ಭಾರ. ಅಲ್ಲಿ ಲೆಕ್ಕ ಇಂಚಿಗೆ ಎಷ್ಟು ಸೂಜಿ ಎಂದು, 4.5 ಮಿಲಿಮೀಟರ್ ಎಂದರೆ ಇಂಚಿಗೆ ಸುಮಾರು ಐದೂವರೆ.

ಈಗ ಲೆಕ್ಕ. ಪಾದದ ಸುತ್ತಳತೆ 22 ಸೆಂಟಿಮೀಟರ್ ಅಂದುಕೊಳ್ಳಿ. ಕಾಲಿಗೆ ಬಿಗಿಯಾಗಿ ಕೂರಲು ಹತ್ತನೇ ಒಂದು ಪಾಲು ಕಳೆದು 20 ಹಿಡಿಯಿರಿ. ಅದೇ ದಾರದಲ್ಲಿ ಮೊದಲು ಹೆಣೆದು ನೋಡಿದ ಮಾದರಿ ತುಂಡಿನಲ್ಲಿ 10 ಸೆಂಟಿಮೀಟರಿಗೆ 30 ಕುಣಿಕೆ, 40 ಸಾಲು ಬಂದರೆ 60 ಕುಣಿಕೆ ಬೇಕು. ಪಕ್ಕದ ಹೊಲಿಗೆಯಲ್ಲಿ ಎರಡು ಹೋಗುತ್ತವೆ, ಆದ್ದರಿಂದ 62. ಮಾದರಿ ತುಂಡನ್ನು ಒಗೆದು ಒಣಗಿಸಿಯೇ ಅಳೆಯಬೇಕು. ಯಂತ್ರದಲ್ಲಿ ತೂಕ ಜಗ್ಗಿ ಉದ್ದವಾದ ಬಟ್ಟೆ ಕೆಳಗಿಳಿದ ಮೇಲೆ ಕುಗ್ಗುತ್ತದೆ, ತಕ್ಷಣದ ಅಳತೆ ಮೋಸ ಮಾಡುತ್ತದೆ.

ಮೇಲಿನ ಪಟ್ಟಿ ಮತ್ತು ಕಣಕಾಲು ಮುಗಿದಾಗ ಕ್ಯಾರೇಜ್ (ದಾರ ಹೊತ್ತು ಸೂಜಿಗಳ ಮೇಲೆ ಅತ್ತಿತ್ತ ಓಡುವ ಭಾಗ) ಇಲ್ಲದ ಕಡೆಯ 31 ಸೂಜಿಯನ್ನು ಪೂರ್ತಿ ಮುಂದಕ್ಕೆ ಎಳೆದು ತಡೆಹಿಡಿಯಿರಿ. ತಡೆಯುವ ಲಿವರನ್ನು ಕ್ಯಾರೇಜಿನಲ್ಲಿ ಹಾಕದಿದ್ದರೆ ಅವೂ ಹೆಣೆದುಬಿಡುತ್ತವೆ. ಉಳಿದ 31ರಲ್ಲಿ ಹಿಮ್ಮಡಿ. ಪ್ರತಿ ಸಾಲಿಗೂ ಮೊದಲು ಕ್ಯಾರೇಜಿನ ಎದುರು ತುದಿಯ ಒಂದು ಸೂಜಿ ತಡೆದು, ಸಾಲು ಓಡಿಸಿ, ಆಗಷ್ಟೇ ತಡೆದ ಸೂಜಿಯ ಅಡಿಯಿಂದ ದಾರ ಸುತ್ತಿ ಹಿಂದಿರುಗಬೇಕು. ಈ ಸುತ್ತು ಮರೆತಲ್ಲೆಲ್ಲ ತೂತು. 20 ಸಾಲಿಗೆ ನಡುವೆ 11 ಸೂಜಿ ಉಳಿಯುತ್ತವೆ. ಅಲ್ಲಿಂದ ಸಾಲಿಗೆ ಒಂದರಂತೆ ಸೂಜಿಗಳನ್ನು ವಾಪಸು ತಂದರೆ ಮತ್ತೆ 20 ಸಾಲು, ಹಿಮ್ಮಡಿ ಬಟ್ಟಲಾಗಿ ನಿಲ್ಲುತ್ತದೆ. ನಾಲ್ಕೈದು ಸಾಲಿಗೊಮ್ಮೆ ಉಗುರಿನಂಥ ತೂಕದ ಕೊಕ್ಕೆಯನ್ನು ಹಿಮ್ಮಡಿಯ ಕೆಳಗೇ ಮೇಲೇರಿಸುತ್ತಿರಿ. ಇಲ್ಲದಿದ್ದರೆ ಹಳೆ ಕುಣಿಕೆ ಜಾರದೆ ಸೂಜಿಯಲ್ಲೇ ಕೂತು ಗಂಟಾಗುತ್ತದೆ.

24 ಸೆಂಟಿಮೀಟರ್ ಉದ್ದದ ಪಾದಕ್ಕೆ ಹೆಣೆಯುವುದು 23. ಹಿಮ್ಮಡಿಯ 40 ಸಾಲು ಮಡಿಚಿ ಕೂರುವುದರಿಂದ ಅದಕ್ಕೆ 5, ಬೆರಳ ತುದಿಗೆ 5 ಹೋದರೆ ನಡುವೆ 13, ಅಂದರೆ ಎಲ್ಲ 62 ಸೂಜಿಯಲ್ಲೂ 52 ಸಾಲು. ತುದಿಯದೂ ಹಿಮ್ಮಡಿಯಂತೆಯೇ, ಅದೇ ಬದಿಯ 31 ಸೂಜಿಯಲ್ಲಿ. ಕೊನೆಗೆ ಎರಡೂ ಬದಿಯ 31 ಕುಣಿಕೆಗಳ ಮೇಲೆ ಬೇಡದ ದಾರದಲ್ಲಿ ಕೆಲವು ಸಾಲು ಹೆಣೆದು ಯಂತ್ರದಿಂದ ಇಳಿಸಿ, ದಪ್ಪ ಸೂಜಿಯಿಂದ ಕುಣಿಕೆಗೆ ಕುಣಿಕೆ ಕೂಡಿಸಿ, ಪಕ್ಕ ಹೊಲಿದರೆ ಒಂದು ಕಾಲು ಸಿದ್ಧ. ಮೇಲಿನ ಬಿಗಿ ಪಟ್ಟಿಗೆ (ರಿಬ್) ರಿಬ್ಬರ್ ಎಂಬ ಎರಡನೇ ಸೂಜಿಸಾಲಿನ ಜೋಡಣೆ ದುಬಾರಿ. ಪ್ರತಿ ಮೂರನೇ ಉದ್ದ ಗೆರೆಯ ಕುಣಿಕೆಗಳನ್ನು ಬಿಚ್ಚಿ, ಲ್ಯಾಚ್ (ತೆರೆದು ಮುಚ್ಚುವ ನಾಲಿಗೆ) ಇರುವ ಕೊಕ್ಕೆಯಿಂದ ತಿರುವಿ ಎತ್ತಿದರೂ ಅದೇ ರಿಬ್. ಒಂದು ಚೀಲಕ್ಕೆ ಇಂಥ 20 ಗೆರೆ; ಬೇಸರದ ಕೆಲಸ, ಖರ್ಚಿಲ್ಲ.

ದಾರ: ಉಣ್ಣೆ 75, ನೈಲಾನ್ 25 ಪಾಲಿನದು ಬಾಳಿಕೆಗೆ ಉತ್ತಮ. 100 ಗ್ರಾಮಿನಲ್ಲಿ 400 ಮೀಟರ್ ಚಿಲ್ಲರೆ ಇರುತ್ತದೆ, ಒಂದು ಜೊತೆಗೆ ಸಾಕು. ಅಕ್ರಿಲಿಕ್ ಅಗ್ಗ, ನಮ್ಮ ಮಳೆಗೆ ಬೇಗ ಒಣಗುತ್ತದೆ. ಹತ್ತಿ ನೀರು ಕುಡಿದು ಜೋತು ಬೀಳುತ್ತದೆ, ಬೇಡ. ಇನ್ನು ಉಂಬಳ (ಜಿಗಣೆ) ತಡೆಯಲೆಂದು ಹೆಣೆಯಬೇಡಿ. ಕುಣಿಕೆಯ ಸಂದಿಯಲ್ಲಿ ಅದು ಸಲೀಸಾಗಿ ಬಾಯಿ ತೂರಿಸುತ್ತದೆ. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ ಚೀಲವೇ ಆಗಬೇಕು.

ಹೊಸದಕ್ಕೆ ಕೈ ಸುಡುವುದಾದರೆ ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಬ್ರದರ್ ಕಂಪನಿ ಈ ಯಂತ್ರಗಳನ್ನು ಮಾಡುವುದು ಬಿಟ್ಟು ಎಷ್ಟೋ ವರ್ಷವಾಯಿತು, ಆದರೂ ಹಳೆಯವು ಓಡುತ್ತಿವೆ. ಮೊದಲು ಸ್ಪಂಜು ಪಟ್ಟಿ ನೋಡಿ. ಸೂಜಿಗಳನ್ನು ಮೇಲಿಂದ ಒತ್ತಿ ಹಿಡಿಯುವ ಆ ಪಟ್ಟಿ ವರ್ಷಗಳಲ್ಲಿ ಚಪ್ಪಟೆಯಾಗಿ, ಸೂಜಿ ಮೇಲೆದ್ದು ಕ್ಯಾರೇಜಿಗೆ ತಗಲುತ್ತದೆ. ಒಂದು ಸೂಜಿ ಮುಂದಕ್ಕೆ ತಳ್ಳಿ ಬೆರಳಿನಿಂದ ಎತ್ತಿ. ಸಡಿಲವಾಗಿ ಕುಣಿದರೆ ಸ್ಪಂಜು ಸತ್ತಿದೆ. ಅಗ್ಗದ ರಿಪೇರಿ, ಚೌಕಾಸಿಗೆ ಒಳ್ಳೆ ನೆಪ. ನಂತರ ಪ್ರತಿ ಸೂಜಿಯ ಲ್ಯಾಚು ತೆರೆದು ಮುಚ್ಚಿ ನೋಡಿ. ಕಾಲುಚೀಲಕ್ಕೆ ಬೇಕಿರುವುದು ನಡುವಿನ 62 ಮಾತ್ರ, ಹಾಗಾಗಿ ನಡುವೆ ಬಾಗಿದ್ದರೆ ತುದಿಯ ಸೂಜಿಗಳನ್ನು ಅಲ್ಲಿಗೆ ಹಾಕಿಕೊಳ್ಳಬಹುದು. ಕ್ಯಾರೇಜಿನ ಭಾಗ ಕಳೆದುಹೋಗಿದ್ದರೆ ಮಾತ್ರ ಕೈಮುಗಿದು ಬನ್ನಿ.

ಮಳೆಗಾಲದಲ್ಲಿ ಸೂಜಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಕೆಲಸ ಮುಗಿದೊಡನೆ ಹೊಲಿಗೆ ಯಂತ್ರದ ಎಣ್ಣೆ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಪೊಟ್ಟಣದೊಂದಿಗೆ ಮುಚ್ಚಿಡಿ. ಮರುದಿನ ಮೊದಲ 20 ಸಾಲು ಬೇಡದ ದಾರದಲ್ಲಿ ಓಡಿಸಿದರೆ ಎಣ್ಣೆಯ ಕಲೆ ಅದಕ್ಕೇ ಹೋಗುತ್ತದೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಸವರಬೇಡಿ. ಚಳಿಯ ಬೆಳಗಿಗೆ ಅದು ಹೆಪ್ಪುಗಟ್ಟಿ, ಕ್ಯಾರೇಜ್ ಅರ್ಧದಲ್ಲೇ ನಿಂತುಬಿಡುತ್ತದೆ.