ಒಂದು ಗ್ರಾಂ ರೀನಿಯಂ

ಸಂಜೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚಿಗೆ ಕಬ್ಬಿಣ ಸುರಿಯುತ್ತಿದ್ದೆವು. ಕಿಡಿಯೊಂದು ಹಾರಿ ಬೂಟಿನ ಪಕ್ಕ ಬಿತ್ತು. ಅದೇ ಹೊತ್ತಿಗೆ ಸಾಂಬ್ರಾ ವಿಮಾನ ನಿಲ್ದಾಣದ ಕಡೆಗೆ ವಿಮಾನವೊಂದು ಇಳಿಯುತ್ತಿತ್ತು.

ಕಬ್ಬಿಣ ಕರಗುವುದು 1538 ಡಿಗ್ರಿಗೆ. ರೀನಿಯಂ ಎಂಬ ಲೋಹ ಕರಗಲು ಸುಮಾರು 3186 ಡಿಗ್ರಿ ಬೇಕು! ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ ನಿಕ್ಕಲ್ ಜೊತೆ ಇದನ್ನು ಸ್ವಲ್ಪವೇ ಬೆರೆಸುತ್ತಾರೆ. ಅಷ್ಟು ಬಿಸಿಯಲ್ಲಿ ಗರಗರ ತಿರುಗುವಾಗ ಬ್ಲೇಡು ಮೆಲ್ಲಗೆ ಹಿಗ್ಗಿ ಉದ್ದವಾಗದಂತೆ ಅದು ಹಿಡಿದಿಡುತ್ತದೆ. ದಿನಾ ಬೆಂಕಿಯ ಮುಂದೆ ನಿಲ್ಲುವ ನನಗೆ ಇದು ದೊಡ್ಡ ವಿಷಯ.

1925ರಲ್ಲಿ ಜರ್ಮನಿಯಲ್ಲಿ ಇದನ್ನು ಕಂಡುಹಿಡಿದ ಮೂವರಲ್ಲಿ ಇಡಾ ಟಾಕೆ ಎಂಬ ಹೆಣ್ಣುಮಗಳೂ ಇದ್ದರು. ರೈನ್ ನದಿಯ ಹೆಸರನ್ನೇ ಇಟ್ಟರು. ಮೂರು ವರ್ಷದ ನಂತರ 660 ಕಿಲೋ ಅದಿರು ಸೋಸಿ ತೆಗೆದದ್ದು ಒಂದೇ ಗ್ರಾಂ. ನಮ್ಮ ಅವ್ವನ ಮೂಗುಬೊಟ್ಟಿನಷ್ಟು ತೂಕ, ಅಷ್ಟೇ ಅಲ್ವಾ!