ಮರ ದೊಡ್ಡದಾಗಿ ಕಾಣುತ್ತಿದೆ ಎಂದ ಹುಡುಗ

ಶಿರಸಿ ಪಟ್ಟಣವನ್ನು ಪೂರ್ತಿಯಾಗಿ ಡ್ರೋನ್ ಚಿತ್ರಗಳಿಂದ ಮೂರು ಆಯಾಮದ ಮಾದರಿಯಾಗಿ ಕಟ್ಟುವ ಕೆಲಸ ಬಂದಾಗ, ಯೋಜನೆಯನ್ನು ನಾನೇ ಕೇಳಿ ಪಡೆದೆ. ಹುಟ್ಟಿ ಬೆಳೆದ ಸೀಮೆ. ಮಾರಿಕಾಂಬೆಯ ಗುಡಿಯ ಸುತ್ತಲಿನ ಓಣಿಗಳು, ಐದು ರಸ್ತೆ ವೃತ್ತ, ದೇವಿಕೆರೆ, ಎಲ್ಲವೂ ಕಾಲಿಗೆ ಗೊತ್ತು. ಹೊರಗಿನಿಂದ ಬಂದವರು ಮಾಡುವ ತಪ್ಪನ್ನು ನಾನು ಮಾಡಲಾರೆ ಎಂದು ನಂಬಿದ್ದೆ.

ಕಚೇರಿಯವರು ಕೇಳಿದ್ದು ಮೂರೇ ಪ್ರಶ್ನೆ: ವಿಸ್ತೀರ್ಣ ಎಷ್ಟು, ಎಷ್ಟು ದಿನ, ಎಷ್ಟು ಬ್ಯಾಟರಿ. ಊರನ್ನು ಬ್ಲಾಕುಗಳಾಗಿ ಹಂಚಿದೆ. ಹಾರಾಟದ ಎತ್ತರ 100 ಮೀಟರ್; ನಮ್ಮ ಕ್ಯಾಮೆರಾಕ್ಕೆ ಅಷ್ಟು ಎತ್ತರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್. ಒಂದೇ ನೆಲ ಹಲವು ಚಿತ್ರಗಳಲ್ಲಿ ಬಂದರಷ್ಟೇ ಮಾದರಿ ಕಟ್ಟಲಾಗುತ್ತದೆ; ಚಿತ್ರಗಳು ಹೀಗೆ ಒಂದರ ಮೇಲೊಂದು ಬರುವುದೇ ಓವರ್‌ಲ್ಯಾಪ್. ಒಂದೇ ಸಾಲಿನಲ್ಲಿ ಮುಂದಿನ ಚಿತ್ರದೊಂದಿಗಿನ ಓವರ್‌ಲ್ಯಾಪ್ ಶೇ 80, ಪಕ್ಕದ ಸಾಲಿನದು ಶೇ 60. ಪಕ್ಕದ್ದನ್ನು 70ಕ್ಕೆ ಏರಿಸಿದರೆ ಹಾರಾಟದ ಸಾಲುಗಳು ಹೆಚ್ಚುತ್ತವೆ, ದಿನಗಳೂ ಹೆಚ್ಚುತ್ತವೆ. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಜನವರಿಯ ಮಂಜು ಕರಗುವವರೆಗೆ ಹಾರಿಸುವಂತಿಲ್ಲ, ಮಧ್ಯಾಹ್ನ ಎರಡರ ನಂತರ ನೆರಳು ಉದ್ದವಾಗುತ್ತದೆ. ಇಷ್ಟರ ನಡುವೆಯೇ ಪೇಟೆಯ ಬ್ಲಾಕುಗಳು ಚೆನ್ನಾಗಿ ಮುಗಿದವು. ಜಿಸಿಪಿಗೆ, ಎಂದರೆ ಮಾದರಿಯನ್ನು ನೆಲಕ್ಕೆ ಸರಿಯಾಗಿ ಕೂರಿಸಲು ಅಳೆದಿಡುವ ಬಿಂದುಗಳಿಗೆ, ರಸ್ತೆಯ ಮೇಲೆ ಹಾಕಿದ ಸುಣ್ಣದ ಗುರುತುಗಳೂ ಉಳಿದಿದ್ದವು.

ಕೊನೆಯ ಬ್ಲಾಕು ಊರಂಚಿನದು. ಕೆಳಗೆ ಅಡಿಕೆ ತೋಟ, ನಡುವೆ ಮನೆಗಳು, ಮೇಲೆ ಸೊಪ್ಪಿನ ಬೆಟ್ಟ. ತೋಟದ ಅಂಚಿನ ಗದ್ದೆಯಲ್ಲಿ ಬಯಲು ಸಿಕ್ಕಿದ್ದರಿಂದ ಅಲ್ಲಿಂದಲೇ ಡ್ರೋನ್ ಏರಿಸಿದೆ. ಬೆಟ್ಟದ ನೆತ್ತಿ ಆ ಗದ್ದೆಗಿಂತ 50 ಮೀಟರಿನಷ್ಟು ಎತ್ತರ. ತಂತ್ರಾಂಶ ಎತ್ತರವನ್ನು ಅಳೆಯುವುದು ಹೊರಟ ಜಾಗದಿಂದ.

ಏಳನೆಯ ಸಾಲಿನಲ್ಲಿ ಡ್ರೋನ್ ಬೆಟ್ಟದ ಕಡೆಗೆ ತಿರುಗಿತು. ಪರದೆಯನ್ನು ನೋಡುತ್ತಿದ್ದ ನಮ್ಮ ಸಹಾಯಕ ಹುಡುಗ, 'ಅಣ್ಣಾ, ಮರ ದೊಡ್ಡದಾಗಿ ಕಾಣುತ್ತಿದೆ' ಎಂದ. ಮೂಲೆಯಲ್ಲಿ 100 ಎಂಬ ಅಂಕಿ ಅಲುಗದೆ ನಿಂತಿತ್ತು. 'ನೂರು ಮೀಟರ್ ಇದೆಯಲ್ಲ, ತಾಗುವುದಿಲ್ಲ' ಎಂದೆ. ಎಲೆಗಳು ಒಂದೊಂದಾಗಿ ಎಣಿಸುವಷ್ಟು ಹತ್ತಿರ ಬಂದವು. ಅವನು ಇನ್ನೊಮ್ಮೆ, ದನಿ ತಗ್ಗಿಸಿ, 'ನಿಲ್ಲಿಸೋಣವೇ?' ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಡ್ರೋನ್ ನೆತ್ತಿಯ ಆಚೆ ಮರೆಯಾಯಿತು, ಪರದೆಯ ಚಿತ್ರ ಅಲ್ಲೇ ಸ್ತಬ್ಧವಾಯಿತು. ಕಣ್ಣಿಗೆ ಕಾಣುವ ದೂರವನ್ನು ಅದು ದಾಟಲು ಬಿಡಲೇಬಾರದಿತ್ತು. ಬ್ಯಾಟರಿ ಶೇ 31 ಎಂದು ಕೊನೆಯ ಅಂಕಿ. ಮರಳುವ ಆಜ್ಞೆಯ ಗುಂಡಿ ಒತ್ತಿ ಹಿಡಿದೆ. ಅದು ಮುಟ್ಟಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ತೋಟದ ಪಂಪಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸದು. ಹಾಗೆ ಕಾದದ್ದು ಎರಡು ನಿಮಿಷಕ್ಕಿಂತ ಕಡಿಮೆಯೇ ಇದ್ದಿರಬೇಕು. ಬೆಟ್ಟದ ಮೇಲಿಂದ ಗುಂಯ್ ಎಂದಾಗ ಹುಡುಗ ಗದ್ದೆಯ ಬದುವಿನ ಮೇಲೆ ಕುಳಿತುಬಿಟ್ಟ.

ನನ್ನ ನಿಜವಾದ ತಪ್ಪು ಅದರ ನಂತರದ್ದು. ಯಂತ್ರ ಸುರಕ್ಷಿತವಾಗಿ ಬಂತು ಎಂಬ ಸಮಾಧಾನದಲ್ಲಿ, ಬ್ಯಾಟರಿ ಬದಲಿಸಿ ಅದೇ ಎತ್ತರದಲ್ಲಿ ಉಳಿದ ಸಾಲುಗಳನ್ನೂ ಮುಗಿಸಿದೆ. ಹುಡುಗ ಹೇಳಿದ ಮಾತನ್ನು ಅಪಾಯದ ಎಚ್ಚರಿಕೆ ಎಂದಷ್ಟೇ ಕೇಳಿಸಿಕೊಂಡೆ. ಅದು ಅಳತೆಯೂ ಆಗಿತ್ತು. ಮರ ದೊಡ್ಡದಾಗಿ ಕಂಡರೆ ಚಿತ್ರದೊಳಗೆ ಹಿಡಿಯುವ ನೆಲ ಚಿಕ್ಕದಾಗಿದೆ ಎಂದರ್ಥ. ನೆಲ 50 ಮೀಟರ್ ಮೇಲೆದ್ದಾಗ ಚಿತ್ರದ ಅಗಲ ಅರ್ಧವಾಯಿತು, ಸಾಲುಗಳ ಅಂತರ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ಓವರ್‌ಲ್ಯಾಪ್ 80ರಿಂದ 60ಕ್ಕೆ, ಪಕ್ಕದ್ದು 60ರಿಂದ 20ಕ್ಕೆ ಇಳಿಯಿತು. ಅದರ ಮೇಲೆ 20 ಮೀಟರಿನ ಮರಗಳಿದ್ದರೆ, ಅವುಗಳ ತುದಿಯಲ್ಲಿ ಪಕ್ಕದ ಸಾಲುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.

ಚಿತ್ರಗಳನ್ನು ಮಾದರಿಯಾಗಿ ಜೋಡಿಸಲು ರಾತ್ರಿಯಿಡೀ ನಡೆದ ಸಂಸ್ಕರಣೆ ಬೆಳಿಗ್ಗೆ ಮುಗಿದಾಗ ಪೇಟೆಯ ಹೆಂಚುಗಳೂ ಎಣಿಸುವಂತಿದ್ದವು. ದೇವಿಕೆರೆಯ ನೀರು ಉಬ್ಬುತಗ್ಗಾಗಿ ಬಂದಿತ್ತು. ಚಿತ್ರಗಳನ್ನು ಒಂದಕ್ಕೊಂದು ಹೊಂದಿಸುವ ಸಮಾನ ಬಿಂದು, ಟೈ ಪಾಯಿಂಟ್, ನೀರಿನಲ್ಲಿ ಸಿಗುವುದಿಲ್ಲ, ಅದನ್ನು ಕೈಯಿಂದ ಸಮ ಮಾಡಿದೆವು. ಆದರೆ ಬೆಟ್ಟದ ಜಾಗದಲ್ಲಿ ದೊಡ್ಡದೊಂದು ತೂತು, ಅದರ ಅಂಚಿನಲ್ಲಿ ಕರಗಿದ ಮೇಣದಂತೆ ಜೋತುಬಿದ್ದ ನಾಲ್ಕು ಮನೆಗಳು.

ನನಗೆ ಇಂದಿಗೂ ಚುಚ್ಚುವುದು ಇದು. ಚಿಕ್ಕಂದಿನಲ್ಲಿ ಇಂಥದೇ ಬೆಟ್ಟದಿಂದ ಅಪ್ಪನ ಜೊತೆ ದರಕಿನ, ಒಣ ಎಲೆಯ, ಹೊರೆ ಹೊತ್ತು ತೋಟಕ್ಕೆ ಇಳಿದಿದ್ದೇನೆ. ಆ ಇಳಿಜಾರು ನನ್ನ ಕುತ್ತಿಗೆಗೆ ಗೊತ್ತಿತ್ತು. ಕಂಪ್ಯೂಟರಿನ ಮುಂದೆ ಕುಳಿತು ಚೌಕ ಎಳೆಯುವಾಗ ಹಸಿರು ಬಣ್ಣವಷ್ಟೇ ಕಂಡಿತು. ನೆನಪನ್ನು ನಂಬದಿದ್ದರೂ ಸರಿ, ನಾಸಾ 2000ರ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎತ್ತರದ ದತ್ತಾಂಶ ಉಚಿತವಾಗಿಯೇ ಸಿಗುತ್ತದೆ. ಅದನ್ನು ತೆರೆದು ನೋಡಲು ಹತ್ತು ನಿಮಿಷ ಸಾಕಿತ್ತು.

ಎಲ್ಲೆಡೆ 150 ಮೀಟರಿನಲ್ಲಿ ಹಾರಿಸಿ ಎಂದು ಕಚೇರಿಯಿಂದ ಸಲಹೆ ಬಂತು. 2021ರ ಡ್ರೋನ್ ನಿಯಮಗಳ ಪ್ರಕಾರ ಪೂರ್ವಾನುಮತಿ ಬೇಡದ ಹಸಿರು ವಲಯದ ಮಿತಿ ನೆಲದಿಂದ 120 ಮೀಟರ್. ತೋಟದ ಮೇಲೆ ಅದನ್ನು ಮೀರಿದಂತಾಗುತ್ತಿತ್ತು. ಕೊನೆಗೆ ಬ್ಲಾಕನ್ನು ಮೂರು ಮೆಟ್ಟಿಲಾಗಿ ಒಡೆದು, ನೆತ್ತಿಯ ಭಾಗಕ್ಕೆ ನೆತ್ತಿಯಿಂದಲೇ ಏರಿಸಿದೆವು. ಮೇಲಿನ ಮನೆಯ ಅಜ್ಜಿ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಬದಿಗೆ ಸರಿಸಿ ಜಾಗ ಕೊಟ್ಟರು. ಪರದೆಯ ಮುಂದೆ ಆ ದಿನ ಹುಡುಗನನ್ನೇ ನಿಲ್ಲಿಸಿದ್ದೆ.

ಕಚೇರಿಯ ಅಂದಾಜುಪಟ್ಟಿಯಲ್ಲಿ ವಿಸ್ತೀರ್ಣಕ್ಕೆ ಕಲಂ ಇದೆ, ನೆಲದ ಏರಿಳಿತಕ್ಕೆ ಈಗಲೂ ಇಲ್ಲ. ಸೇರಿಸಿ ಎಂದು ಮೂರು ಸಲ ಬರೆದಿದ್ದೇನೆ. ನಾಲ್ಕನೆಯದನ್ನು ಬೆಟ್ಟದ ತೂತಿನ ಚಿತ್ರದೊಂದಿಗೆ ಈ ವಾರ ಕಳುಹಿಸುತ್ತಿದ್ದೇನೆ.