ಮೀಟರ್ ನೋಡುವ ಮುಂಚೆ ಪೂಜೆಯ ವೇಳೆ ಕೇಳಿ

ಬೀದರ್ ಕಡೆಯ ಒಂದು ಚರ್ಚ್‌ಗೆ 16 ಫ್ಯಾನ್‌ಗಳ ಕೊಟೇಶನ್ ಹಿಡಿದುಕೊಂಡು ಹೋಗಿದ್ದೆ. ಅಲ್ಲಿದ್ದ ಹಳೆಯ ಫ್ಯಾನ್‌ಗಳು ಒಂದೊಂದೂ 75 ವ್ಯಾಟ್‌ನವು. ಅದೇ ಗಾಳಿಗೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರ್ ಇರುವ ಫ್ಯಾನ್‌ಗೆ 30 ವ್ಯಾಟ್ ಸಾಕು. ಅರ್ಧಕ್ಕಿಂತ ಜಾಸ್ತಿ ಉಳಿತಾಯ ಎಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ಸಭೆಯ ಕಾರ್ಯದರ್ಶಿ ನಿವೃತ್ತ ಗಣಿತದ ಮಾಸ್ತರರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ತಮ್ಮಾ, ಇವು ವಾರಕ್ಕ ಎಷ್ಟ್ ತಾಸ್ ತಿರುಗ್ತಾವ ಅಂತ ಯಾರನ್ನರ ಕೇಳಿಯೇನು?"

ನಾನು ಕೇಳಿರಲಿಲ್ಲ.

ಅವರೇ ಹೇಳಿದರು. ರವಿವಾರದ ಆರಾಧನೆಗೆ ಮೂರು ತಾಸು, ಅಷ್ಟೇ. ಮಿಕ್ಕ ದಿನ ಬಾಗಿಲಿಗೆ ಬೀಗ. ಅಲ್ಲೇ ಬೆಂಚಿನ ಮೇಲೆ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಒಂದು ಫ್ಯಾನ್‌ನಿಂದ 45 ವ್ಯಾಟ್ ಉಳಿತಾಯ, ವಾರಕ್ಕೆ 3 ತಾಸು, ವರ್ಷಕ್ಕೆ 52 ವಾರ. ಬಂದದ್ದು 7 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 56 ರೂಪಾಯಿ. ನಾನು ಫ್ಯಾನ್‌ಗೆ ಬರೆದ ಬೆಲೆ 2,800. ಹಾಕಿದ ದುಡ್ಡು ವಾಪಸ್ ಬರಲು 50 ವರ್ಷ ಬೇಕು. ಅಷ್ಟು ವರ್ಷ ಯಾವ ಫ್ಯಾನ್ ಬಾಳುತ್ತದೆ?

ಕೊಟೇಶನ್ ವಾಪಸ್ ತೆಗೆದುಕೊಂಡೆ. "ಹಂಗಾದ್ರ ರಾತ್ರಿ ಏನೇನು ಹತ್ತಿರ್ತದ ಸರ್?" ಎಂದು ಆಗ ಕೇಳಿದೆ. ಅವರು ಹೊರಗೆ ಕರೆದುಕೊಂಡು ಹೋಗಿ ಕಂಪೌಂಡಿನ ಎರಡು ಕಂಬ ತೋರಿಸಿದರು. ಎರಡರ ಮೇಲೂ 250 ವ್ಯಾಟ್‌ನ ಹಳೆಯ ಮೆಟಲ್ ಹ್ಯಾಲೈಡ್ ದೀಪ. ಸಂಜೆ ಹತ್ತಿದರೆ ಬೆಳಗಿನವರೆಗೂ ಉರಿಯುತ್ತಿದ್ದವು. ಅವುಗಳ ಜಾಗಕ್ಕೆ 70 ವ್ಯಾಟ್‌ನ ಎಲ್‌ಇಡಿ ಹಾಕಿದೆವು. ಒಂದೊಂದು ಕಂಬದಲ್ಲೂ ದಿನಕ್ಕೆ ಸುಮಾರು 2 ಯೂನಿಟ್ ಉಳಿಯಿತು, ವರ್ಷಕ್ಕೆ 700ರ ಮೇಲೆ. ಹದಿನಾರು ಫ್ಯಾನ್ ಸೇರಿ ವರ್ಷಕ್ಕೆ ಉಳಿಸುತ್ತಿದ್ದುದು ಬರೀ 112 ಯೂನಿಟ್. ನಾನು ಫ್ಯಾನ್ ಮಾರಿ ಬಂದಿದ್ದರೆ ಆ ಸಭೆಯವರು ಕಾಣಿಕೆ ಪೆಟ್ಟಿಗೆಯ ದುಡ್ಡು ಸುರಿದು ಏನೂ ಪಡೆಯುತ್ತಿರಲಿಲ್ಲ. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ನಾನು ಕಲಬುರಗಿಯಲ್ಲಿ ಒಂದು ಸಣ್ಣ ಸೋಲಾರ್ ಮತ್ತು ವೈರಿಂಗ್ ಅಂಗಡಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆ, ದಾಲ್ ಮಿಲ್, ಶಾಲೆ ಎಲ್ಲ ಕಡೆ ಹೋಗುತ್ತೇವೆ. ಈಚೆಗೆ ಮಠ, ಮಸೀದಿ, ಗುಡಿ, ಚರ್ಚ್‌ಗಳಿಂದ ಕರೆ ಜಾಸ್ತಿಯಾಗಿದೆ. ಬಿಲ್ ಏರಿದೆ ಎಂಬುದು ಒಂದು ಕಾರಣ. ಬಿಸಿಲು ಇನ್ನೊಂದು. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ದಂಡೆಯ ಊರುಗಳೊಳಗೆ ನುಗ್ಗಿದ್ದನ್ನೂ ನೋಡಿದ್ದೇವೆ. ಹವಾಮಾನ ಬದಲಾಗುತ್ತಿದೆ ಎಂದು ಈ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಗುಡಿಯ ಸ್ವಿಚ್ಚಿಗೂ ಬಿಸಿಲಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಾನು ಅವರಿಗೆ ರಾಯಚೂರಿನ ಶಕ್ತಿನಗರದ ಹೆಸರು ಹೇಳುತ್ತೇನೆ. ಕೃಷ್ಣೆಯ ದಂಡೆಯಲ್ಲಿ ಕಲ್ಲಿದ್ದಲು ಸುಡುವ ಆ ಚಿಮಣಿಗಳನ್ನು ರೈಲಿನಲ್ಲಿ ಹೋಗುವಾಗ ನೋಡಿದವರು ಬಹಳ ಮಂದಿ. ನಮ್ಮ ದೇಶದ ಕರೆಂಟ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಚರ್ಚಿನ ಆ ಎರಡು ಕಂಬಗಳಿಂದ ವರ್ಷಕ್ಕೆ ಒಂದು ಟನ್ ಹತ್ತಿರ ಕಡಿಮೆಯಾಯಿತು. ಮಾಸ್ತರರು ಇದನ್ನು ರವಿವಾರ ಸಭೆಯಲ್ಲೇ ಓದಿ ಹೇಳಿದರಂತೆ. ಅದೇ ಮಾತನ್ನು ನಾನು ಮನೆಮನೆಗೆ ಹೋಗಿ ಹೇಳಿದರೆ ಮಾರಲು ಬಂದವನು ಅನ್ನುತ್ತಾರೆ. ಅವರು ಹೇಳಿದರೆ ಮನೆಗೆ ಹೋಗಿ ಸ್ವಿಚ್ ಆರಿಸುತ್ತಾರೆ.

ಮಸೀದಿಯಲ್ಲಿ ಕಲಿತದ್ದು ಇನ್ನೂ ಆಳವಾದದ್ದು.

ಕಲಬುರಗಿ ಹಳೆಯ ಊರಿನ ಒಂದು ಮಸೀದಿ. ಕಮಿಟಿಯವರಿಗೆ ಸೋಲಾರ್ ಬೇಕಿತ್ತು. ಚರ್ಚಿನ ಪಾಠ ಆಗಿತ್ತಲ್ಲ, ನಾನು ಮೊದಲು ವೇಳೆ ಕೇಳಿದೆ. ಐದು ಹೊತ್ತಿನ ನಮಾಜ್, ಪ್ರತಿ ಸಲ ಅರ್ಧ ಮುಕ್ಕಾಲು ತಾಸು ದೀಪ ಮತ್ತು ಫ್ಯಾನ್. ಶುಕ್ರವಾರ ಸ್ವಲ್ಪ ಜಾಸ್ತಿ. ಇಷ್ಟಕ್ಕೆ ಬಿಲ್ ಅಷ್ಟು ಬರಬಾರದು. ಎಲ್ಲೋ ಏನೋ ಇದೆ ಅನ್ನಿಸಿತು. ಮರುದಿನ ಫಜರ್, ಅಂದರೆ ನಸುಕಿನ ನಮಾಜ್ ವೇಳೆಗೆ ಬರಲೇ ಎಂದು ಕೇಳಿದೆ. ಬಾ ಎಂದರು.

ಇನ್ನೂ ಕತ್ತಲು. ಅಜಾನ್ ಕೊಡುವ ಚಾಚಾ ಬಂದರು. ನಮಾಜ್‌ಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂಗೆ ನೀರು ಬೇಕಲ್ಲ, ಬಂದವರೇ ಬೋರಿನ ಮೋಟರ್ ಹಚ್ಚಿದರು. ಆಮೇಲೆ ಮೈಕಿನ ಹತ್ತಿರ ಹೋದರು. ಅಜಾನ್ ಆಯಿತು. ಜನ ಬಂದರು. ನಮಾಜ್ ಶುರುವಾಯಿತು. ಮೇಲೆ ಟ್ಯಾಂಕ್ ತುಂಬಿ ನೀರು ಗೋಡೆಗುಂಟ ಇಳಿಯತೊಡಗಿತು. ನಮಾಜ್ ನಡುವೆ ಯಾರಾದರೂ ಎದ್ದು ಮೋಟರ್ ಬಂದ್ ಮಾಡುತ್ತಾರೆಯೇ? ಅದು ಆಗದ ಮಾತು. ಎಲ್ಲ ಮುಗಿದ ಮೇಲೆ ಚಾಚಾ ಓಡಿ ಬಂದು ಆರಿಸಿದರು. ಅಷ್ಟೊತ್ತಿಗೆ ಅರ್ಧ ತಾಸು ನೀರು ಚರಂಡಿಗೆ ಹೋಗಿತ್ತು.

"ದೇವರ ಮುಂದ ನಿಂತಾಗ ಮೋಟರ್ ಹೆಂಗ್ ನೆನಪಿರ್ತದ ಬೇಟಾ?" ಎಂದರು ಅವರು. ಅವರ ಮುಖದಲ್ಲಿ ಸಂಕೋಚ ಇತ್ತು. ಕಮಿಟಿಯ ಒಬ್ಬರು ಅವರನ್ನು ಬೈಯಲು ಹೊರಟರು. ನಾನು ತಡೆದೆ. ತಪ್ಪು ಚಾಚಾರದ್ದಲ್ಲ. ಮೋಟರ್ ಹಚ್ಚುವ ವೇಳೆಯೂ ಅಜಾನ್ ವೇಳೆಯೂ ಒಂದೇ. ಅಲ್ಲಿ ಯಾರಿದ್ದರೂ ಅಷ್ಟೇ ಆಗುತ್ತಿತ್ತು.

2 ಎಚ್‌ಪಿ ಮೋಟರ್ ಅರ್ಧ ತಾಸು ಸುಮ್ನೆ ಓಡಿದರೆ ಹತ್ತಿರ ಹತ್ತಿರ ಒಂದು ಯೂನಿಟ್. ದಿನಾ ಒಂದು ಸಲವೇ ಎಂದುಕೊಂಡರೂ ವರ್ಷಕ್ಕೆ 300ರ ಮೇಲೆ. ನೀರಿನ ಲೆಕ್ಕ ಬೇರೆ. ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ತಾನೇ ಆರುವ ಹಾಗೆ ಒಂದು ಫ್ಲೋಟ್ ಸ್ವಿಚ್ ಹಾಕಿದೆ. ಅದರ ಬೆಲೆ ಕೆಲವು ನೂರು ರೂಪಾಯಿ. ಸೋಲಾರ್ ಕೇಳಲು ಕರೆದವರಿಗೆ ಇಷ್ಟು ಸಣ್ಣ ಕೆಲಸ ಮಾಡಿಕೊಟ್ಟು ಬಂದದ್ದಕ್ಕೆ ಅಂಗಡಿಯಲ್ಲಿ ಮಾತು ಬಂತು. ಪರವಾಗಿಲ್ಲ. ಸೋರುವ ಕೊಡಕ್ಕೆ ದೊಡ್ಡ ನಲ್ಲಿ ಹಚ್ಚಿ ಏನು ಉಪಯೋಗ?

ಆ ಶುಕ್ರವಾರ ಇಮಾಮ್ ಸಾಹೇಬರು ನೀರಿನ ಬಗ್ಗೆಯೇ ಮಾತಾಡಿದರಂತೆ. ಹರಿಯುವ ನದಿಯ ದಂಡೆಯಲ್ಲಿ ಕೂತು ವುಜೂ ಮಾಡಿದರೂ ನೀರು ಪೋಲು ಮಾಡಬಾರದು ಎಂದು ಪ್ರವಾದಿಗಳು ಹೇಳಿದ ಮಾತನ್ನು ನೆನಪಿಸಿದರು ಎಂದು ಚಾಚಾ ಹೇಳಿದರು. ಮುಂದಿನ ತಿಂಗಳು ಕಮಿಟಿಯವರೇ ನಲ್ಲಿಗಳ ವಾಷರ್ ಬದಲಿಸಿದರು. ವುಜೂ ನೀರಿನಲ್ಲಿ ಸೋಪು ಇರುವುದಿಲ್ಲ. ಅದನ್ನು ಚರಂಡಿ ಬಿಟ್ಟು ಹಿಂದಿನ ಅಂಗಳಕ್ಕೆ ತಿರುಗಿಸಿ ನಾಲ್ಕು ಬೇವಿನ ಸಸಿ ಹಚ್ಚಿದರು. ಇದು ನನ್ನ ಐಡಿಯಾ ಅಲ್ಲ, ಅವರದ್ದೇ.

ಅಲ್ಲೇ ಇನ್ನೊಂದು ತಪ್ಪೂ ಮಾಡಿದೆ. ಕೆಲಸ ಫಲ ಕೊಟ್ಟಿದೆಯೇ ಎಂದು ನೋಡಲು ಹೋದ ವರ್ಷದ ಅದೇ ತಿಂಗಳ ಬಿಲ್ ಜೊತೆ ಹೋಲಿಸಿದೆ. ಬಿಲ್ ಏರಿತ್ತು! ಗಾಬರಿಯಾಯಿತು. ಚಾಚಾ ಕ್ಯಾಲೆಂಡರ್ ತೋರಿಸಿದರು. ಆ ಬಿಲ್‌ನಲ್ಲಿ ಪೂರ್ತಿ ರಂಜಾನ್ ಇತ್ತು. ಇಫ್ತಾರ್, ರಾತ್ರಿ ತರಾವೀಹ್ ನಮಾಜ್, ತಡರಾತ್ರಿಯವರೆಗೂ ದೀಪ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷದ ಆ ಬಿಲ್‌ನಲ್ಲಿ ಅದು ಪೂರ್ತಿ ಇರಲಿಲ್ಲ. ಹಿಂದೂ ಗುಡಿಗಳಲ್ಲೂ ಶ್ರಾವಣಕ್ಕಿಂತ ಮೊದಲೇ ಅಧಿಕ ಮಾಸ ಬಂದ ವರ್ಷ ಶ್ರಾವಣ ಮುಂದೆ ಹೋಗುತ್ತದೆ. ಈಗ ರಂಜಾನ್‌ಗೆ ರಂಜಾನ್, ಶ್ರಾವಣಕ್ಕೆ ಶ್ರಾವಣ, ಜಾತ್ರೆಗೆ ಜಾತ್ರೆ ಹೋಲಿಸುತ್ತೇನೆ.

ಮಠಗಳ ಲೆಕ್ಕವೇ ಬೇರೆ. ದಾಸೋಹ ಇರುತ್ತದೆ, ಹಾಸ್ಟೆಲ್ ಹುಡುಗರಿರುತ್ತಾರೆ, ಹಗಲು ರಾತ್ರಿ ಏನಾದರೊಂದು ಓಡುತ್ತಲೇ ಇರುತ್ತದೆ. ಚರ್ಚಿನಲ್ಲಿ ಬೇಡವಾದ ಅದೇ ಫ್ಯಾನ್ ಇಲ್ಲಿ ದಿನಕ್ಕೆ 12 ತಾಸು ತಿರುಗುತ್ತದೆ. ಎಂಟು ತಿಂಗಳಿಗೇ 130 ಯೂನಿಟ್ ಉಳಿಸುತ್ತದೆ. ಮೂರು ವರ್ಷದೊಳಗೆ ಹಾಕಿದ ದುಡ್ಡು ಬರುತ್ತದೆ. ಸೋಲಾರ್‌ಗೂ ಇಂಥ ಜಾಗವೇ ಸರಿ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಆಳಂದ ರಸ್ತೆಯ ಕಡೆ ಒಂದು ಮಠದಲ್ಲಿ ಜೋಳ ಬೀಸುವ ಗಿರಣಿಯನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಬದಲಿಸಿದೆವು. ಪ್ಯಾನೆಲ್ ಮೇಲೆ ಬಿಸಿಲು ಇರುವಾಗಲೇ ಹಿಟ್ಟು ಆಗುತ್ತದೆ. ದಾಸೋಹದ ಅವ್ವಾರು ತೊಗರಿ ಬೇಳೆ ಮೊದಲೇ ನೆನೆ ಹಾಕಿ, ಹಂಡೆಗೆ ಮುಚ್ಚಳ ಮುಚ್ಚಿ ಬೇಯಿಸುತ್ತಿದ್ದರು. ಕಟ್ಟಿಗೆ ಎಷ್ಟು ಉಳಿಯುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಅವರ ಹತ್ತಿರ ನಾನೇ ಕಲಿತೆ.

ಅದೇ ಮಠದಲ್ಲಿ ಗದ್ದುಗೆಯ ದೀಪ ಬದಲಿಸಿ ದೊಡ್ಡ ತಪ್ಪು ಮಾಡಿದೆ. ಉಳಿದ ಕಡೆ ಹಾಕಿದ ಬಿಳಿ ಎಲ್‌ಇಡಿಯನ್ನೇ ಅಲ್ಲಿಗೂ ಹಾಕಿದೆ. ಸೋಮವಾರ ಸಂಜೆ ಒಬ್ಬ ಅಜ್ಜಿ ಕಾಯಿ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಯಪ್ಪಾ, ಗದ್ದುಗಿ ದವಾಖಾನಿ ಕಂಡಂಗ ಕಾಣ್ಲತ್ತದಲ್ಲೋ" ಎಂದರು. ಕಣ್ಣಲ್ಲಿ ನೀರಿತ್ತು. ಆ ಮಾತು ನನಗೆ ನಾಟಿತು. ನಾನು ಬರೀ ವ್ಯಾಟ್ ನೋಡಿದ್ದೆ. ಎಪ್ಪತ್ತು ವರ್ಷದಿಂದ ಆ ಅಜ್ಜಿ ಅಲ್ಲಿ ಏನು ನೋಡುತ್ತಿದ್ದರು ಎಂದು ಕೇಳಿರಲಿಲ್ಲ. ಅದೇ ರಾತ್ರಿ ಬಿಳಿ ದೀಪ ತೆಗೆದೆ. ಹಳದಿ ಬೆಳಕಿನ 3 ವ್ಯಾಟ್‌ನ ಎರಡು ಬಲ್ಬ್ ಮೂಲೆಯಲ್ಲಿ ಮರೆಮಾಡಿ ಹಾಕಿದೆ. ನಂದಾದೀಪವನ್ನೇ ಮುಂದೆ ಇಟ್ಟರು. ಕರೆಂಟ್ ಇನ್ನೂ ಕಡಿಮೆಯಾಯಿತು. ಅಜ್ಜಿ ಮುಂದಿನ ಸೋಮವಾರ ಒಳಗೆ ಬಂದು ಬಹಳ ಹೊತ್ತು ಕೂತಿದ್ದರು.

ಆ ಮಠದ ಅಪ್ಪಾವರು ಹೇಳಿದ್ದನ್ನು ನಾನು ಆಗಾಗ ಬೇರೆ ಕಡೆ ಹೇಳುತ್ತೇನೆ. ಜಾತ್ರೆ ಹತ್ತಿರ ಬಂದಿತ್ತು. ಎಲ್‌ಇಡಿ ಸರಕ್ಕೆ ಕರೆಂಟ್ ಕಡಿಮೆ, ಈ ಸಲ ಹತ್ತು ಪಟ್ಟು ಹಾಕೋಣ, ರಾತ್ರಿಯಿಡೀ ಬಿಡೋಣ ಎಂದು ಹುಡುಗರು ಹೊರಟಿದ್ದರು. ಹೀಗೆ ಮಾಡಿದರೆ ಉಳಿದದ್ದೆಲ್ಲ ಅಲ್ಲೇ ಹೋಗುತ್ತದೆ. ನಾನು ಹೇಳಿದರೆ ಕೇಳುತ್ತಿರಲಿಲ್ಲ. ಅಪ್ಪಾವರು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಗಂಡ ಮಾರಯ್ಯ ಒಂದು ದಿನ ದಿನದ ಬಳಕೆಗಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಲಕ್ಕಮ್ಮ ಅದನ್ನು ಮನೆಯೊಳಗೆ ಇಡಲು ಬಿಡಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. "ಬೆಳಕೂ ಹಂಗೇ ನೋಡ್ರಪಾ. ಬೇಕಾದಷ್ಟ್ ಹಚ್ರಿ, ತೇರು ನಿಂತ ಮ್ಯಾಲ ಆರಸ್ರಿ" ಎಂದರು. ಹುಡುಗರು ಟೈಮರ್ ಹಾಕಿಸಿಕೊಂಡರು.

ಈಗ ನನ್ನ ಬ್ಯಾಗಿನಲ್ಲಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಜೊತೆ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ಮೊದಲ ಪುಟದಲ್ಲಿ ವ್ಯಾಟ್ ಬರೆಯುವುದಿಲ್ಲ. ಬಾಗಿಲು ಯಾವಾಗ ತೆರೆಯುತ್ತದೆ, ಬೆಳಿಗ್ಗೆ ಮೊದಲು ಸ್ವಿಚ್ ಒತ್ತುವವರು ಯಾರು, ರಾತ್ರಿ ಕೊನೆಗೆ ಆರಿಸುವವರು ಯಾರು, ವರ್ಷದಲ್ಲಿ ಜನ ಸೇರುವ ದಿನ ಯಾವುವು ಎಂದು ಬರೆಯುತ್ತೇನೆ. ಕಮಿಟಿಯವರಿಗಿಂತ ಪೂಜಾರಿ, ಅಡುಗೆಯವರು, ಕಸ ಗುಡಿಸುವವರು ಇದನ್ನು ಸರಿಯಾಗಿ ಹೇಳುತ್ತಾರೆ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೂ ಈ ಪುಟ ತುಂಬಿಸದೆ ಕೊಟೇಶನ್ ಬರೆಯಬೇಡ ಎಂದಿದ್ದೇನೆ. ಅವನಿಗೆ ಇದು ಬೇಸರದ ಕೆಲಸ. ಆದರೂ ಮಾಡುತ್ತಾನೆ.

ಹೋದ ವಾರ ಆ ಮಸೀದಿಯ ಓಣಿಯಲ್ಲೇ ಇರುವ ಹನುಮಂತ ದೇವರ ಗುಡಿಯಿಂದ ಕರೆ ಬಂತು. ಅವರ ಟ್ಯಾಂಕೂ ತುಂಬಿ ಹರಿಯುತ್ತದಂತೆ. ಫ್ಲೋಟ್ ಸ್ವಿಚ್ ಬಗ್ಗೆ ಅವರಿಗೆ ಹೇಳಿದವರು ಚಾಚಾ. ನಾನು ಹೋದಾಗ ಅವರೂ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು, ಪೂಜಾರಿಯವರಿಗೆ ಸ್ವಿಚ್ಚಿನ ಬಿಳಿ ಬುಡ್ಡೆ ಹೇಗೆ ಮೇಲೇಳುತ್ತದೆ ಎಂದು ಕೈಯಲ್ಲಿ ತೋರಿಸುತ್ತ. ನಾನು ನೋಟ್‌ಬುಕ್ ತೆಗೆದೆ. ಪೂಜಾರಿಯವರು ನಕ್ಕರು. "ಬರ್ಕೋರಿ. ಶನಿವಾರ ಮುಂಜಾನಿ ನಾಕಕ್ಕ ಬಾಗಿಲ ತೆಗಿತೀವಿ. ಆಗೇ ಬಂದ್ ನೋಡ್ರಿ" ಎಂದರು.

ಈ ಶನಿವಾರ ನಾಲ್ಕಕ್ಕೆ ಹೋಗುತ್ತಿದ್ದೇನೆ.